ಕಿಟಕಿಯ ದಾನಿ, ಗೋಡೆಯಾಚೆಯ ದನಿ

ಸತ್ಯವನ್ನೇ ಹೇಳುತ್ತೇನೆ, ಸತ್ಯವಲ್ಲದೆ ಬೇರೇನನ್ನೂ ಹೇಳುವುದಿಲ್ಲ, ಆದರೆ ಅರ್ಧಭಾಗ ಬೇರೆಯವರ ಸ್ವರದಲ್ಲಿ ಹೇಳುತ್ತೇನೆ. ನ್ಯಾಯಾಲಯದಲ್ಲಿ ಹೀಗೆ ಪ್ರಮಾಣ ಮಾಡಿದರೆ ನೇರ ಒಳಗೆ ಹಾಕಿಯಾರು. ಕಥೆಯಲ್ಲಿ ಆ ಹೆದರಿಕೆ ಇಲ್ಲ. ನಡೆದದ್ದು ಮುಂಡಾಜೆಯಿಂದ ಸ್ವಲ್ಪ ಒಳಗಿರುವ ನಮ್ಮ ಸರಕಾರಿ ಪ್ರಾಥಮಿಕ ಶಾಲೆಯಲ್ಲಿ, ಕಳೆದ ಮಳೆಗಾಲದಲ್ಲಿ. ಶಾಲೆಯ ಹೆಸರು ಬರೆಯುವುದಿಲ್ಲ. ಬರೆದರೆ ಕಟ್ಟಡ ಸಮಿತಿಯವರು ಅದರ ಕೆಳಗೆ ‘ಕೊಡುಗೆ’ ಎಂದು ತಮ್ಮ ಹೆಸರುಗಳನ್ನೂ ಸೇರಿಸಲು ಹೇಳುತ್ತಾರೆ.

ನಮ್ಮ ಕಡೆಯ ಪದ್ಧತಿಯೇ ಹಾಗೆ. ಯಾರು ಏನು ಕೊಟ್ಟರೂ ಅದರ ಮೇಲೆ ಕೊಟ್ಟವರ ಹೆಸರು ಇರಬೇಕು. ಬೆಂಚಿನ ಬೆನ್ನಿಗೆ ಹೆಸರು, ಕಪಾಟಿನ ಹೊಟ್ಟೆಗೆ ಹೆಸರು, ಊಟದ ತಟ್ಟೆಯ ತಳಕ್ಕೆ ಹೆಸರು. ಅನ್ನ ಮುಗಿದ ಮೇಲೆ ದಾನಿ ದರ್ಶನ ಕೊಡುತ್ತಾನೆ. ನಮ್ಮ ಐದನೆಯ ತರಗತಿಯ ಫ್ಯಾನನ್ನು ಕೊಟ್ಟದ್ದು ನಿವೃತ್ತ ಬಸ್ ಕಂಡಕ್ಟರ್ ಚನಿಯಪ್ಪಣ್ಣ. ಒಂದು ರೆಕ್ಕೆಯಲ್ಲಿ ‘ಕೊಡುಗೆ’, ಇನ್ನೊಂದರಲ್ಲಿ ಅವರ ಹೆಸರು, ಮೂರನೆಯದರಲ್ಲಿ ‘ತೀರ್ಥರೂಪರ ಸ್ಮರಣಾರ್ಥ’. ಫ್ಯಾನ್ ತಿರುಗಿದರೆ ತೀರ್ಥರೂಪರು ಕಾಣುವುದಿಲ್ಲ. ಹಾಗಾಗಿ ಚನಿಯಪ್ಪಣ್ಣ ಗೇಟಿನಲ್ಲಿ ಕಂಡ ಕೂಡಲೇ ಯಾರಾದರೂ ಓಡಿ ಹೋಗಿ ಸ್ವಿಚ್ ಆರಿಸುತ್ತಾರೆ. ಅವರು ತಲೆ ಎತ್ತಿ ಓದಿ, ತೃಪ್ತಿಯಾಗಿ, “ಎಂತ ಸೆಕೆ ಮಾರಾಯ್ರೆ, ಫ್ಯಾನ್ ಹಾಕ್ಲಿಕ್ಕಿಲ್ಲವಾ?” ಎಂದು ಕೇಳುತ್ತಾರೆ.

ಈ ಪದ್ಧತಿಯಿಂದಲೇ ನನ್ನ ಹೊಟ್ಟೆ ತುಂಬುತ್ತದೆ. ಹೆಸರು ಶಶಿಕಿರಣ. ಮೂಡುಬಿದಿರೆಯಲ್ಲಿ ಓದಿ ಕನ್ನಡ ಎಂ.ಎ. ಮಾಡಿಕೊಂಡು, ಈಗ ಮೆಲ್ಕಾರಿನಲ್ಲಿ ನಾಮಫಲಕದ ಅಂಗಡಿ ಇಟ್ಟಿದ್ದೇನೆ. ಗ್ರಾನೈಟಿನ ಮೇಲೆ ಅಕ್ಷರ ಕೊರೆಯುತ್ತೇನೆ. ಕನ್ನಡ ಎಂ.ಎ. ಮಾಡಿದವರ ಬರವಣಿಗೆ ಇಷ್ಟು ಕಾಲ ಉಳಿಯುವುದು ಅಪರೂಪ. ಸಂಜೆ ಹೊತ್ತು ಮದುವೆ, ವಾರ್ಷಿಕೋತ್ಸವಗಳಲ್ಲಿ ಮಿಮಿಕ್ರಿ. ಶಾಲೆಯ ಹಳೆ ವಿದ್ಯಾರ್ಥಿ ಎಂಬ ಕಾರಣಕ್ಕೆ ನನ್ನನ್ನೂ ಹೊಸ ಕಟ್ಟಡದ ಸಮಿತಿಗೆ ಹಾಕಿದ್ದರು.

ಸಮಿತಿಯ ಅಧ್ಯಕ್ಷರು ದೇವಿಪ್ರಸಾದ್. ಎಲ್ಲರಿಗೂ ದೇವಣ್ಣ. ಅಡಿಕೆ ತೋಟವಿದ್ದರೂ ಅವರ ಜೀವ ಇರುವುದು ಬೆಳ್ತಂಗಡಿಯ ಹತ್ತಿರ ತಾನೇ ನಿಂತು ಕಟ್ಟಿಸಿದ ಮದುವೆ ಹಾಲಿನಲ್ಲಿ. ಆ ಹಾಲು ಕಟ್ಟಿದ ಮೇಲೆ ಅವರಿಗೆ ತಾನೊಬ್ಬ ಎಂಜಿನಿಯರ್ ಎಂಬ ಅನುಮಾನ ಬಂದಿತ್ತು, ಯಾರೂ ನಿವಾರಿಸಿರಲಿಲ್ಲ. ಶಾಲೆಗೂ ಅದೇ ನಕ್ಷೆ ತಂದರು. ಎದುರಿಗೆ ಆನೆ ಹೋಗುವಷ್ಟು ದೊಡ್ಡ ಕಮಾನು, ಅದರ ಹಿಂದೆ ತರಗತಿಗಳು, ತರಗತಿಗಳ ಸುತ್ತ ಗೋಡೆ, ಗೋಡೆ, ಗೋಡೆ. ಕಿಟಕಿ ಇರಬೇಕಾದಲ್ಲೆಲ್ಲ ಚೌಕ ಬರೆದು ‘ಫಲಕ’ ಎಂದು ಬರೆದಿತ್ತು.

“ಅಧ್ಯಕ್ಷರೇ, ಕಿಟಕಿ?” ಎಂದು ಕೇಳಿದ್ದು ಶುಭಶ್ರೀ. ಅವಳು ಶಾಲೆಯ ಮುಖ್ಯ ಶಿಕ್ಷಕಿ, ನನ್ನ ಜೊತೆ ಇದೇ ಶಾಲೆಯಲ್ಲಿ ಕಲಿತವಳು.

“ಕಿಟಕಿ ಇಟ್ಟರೆ ದಾನಿಗಳ ಹೆಸರು ಎಲ್ಲಿ ಬರೆಯುವುದು ಟೀಚರೇ? ಗಾಳಿಯಲ್ಲಾ?” ಎಂದರು ದೇವಣ್ಣ. “ಮತ್ತೆ, ಮಕ್ಕಳು ಹೊರಗೆ ನೋಡ್ತಾ ಕೂತ್ಕೊಳ್ತಾರೆ. ನನ್ನ ಹಾಲಿನ ಊಟದ ಕೋಣೆಯಲ್ಲಿ ಕಿಟಕಿ ಉಂಟಾ? ಒಬ್ಬನಾದರೂ ಹೊರಗೆ ನೋಡಿದ್ದು ಉಂಟಾ? ಎಲ್ಲರೂ ಊಟವನ್ನೇ ನೋಡುವುದು.”

ಶುಭಶ್ರೀಯ ಹತ್ತಿರ ಬೇರೆಯೇ ಶಾಲೆಯಿತ್ತು. ರಟ್ಟಿನದು. ಮೂಡುಬಿದಿರೆಯ ಎಂಜಿನಿಯರ್ ಸೃಜನ್ ಎಂಬವನನ್ನು ಕರೆಸಿ, ಮಕ್ಕಳನ್ನು ಸುತ್ತ ಕೂರಿಸಿ, ಅವರು ಹೇಳಿದ ಹಾಗೆ ಕತ್ತರಿಸಿ ಅಂಟಿಸಿ ಮಾಡಿಸಿದ್ದಳು. ಕಿಟಕಿಯ ಕೆಳಗಂಚು ಒಂದನೆಯ ತರಗತಿಯ ಮಗುವಿನ ಎದೆಯಷ್ಟೇ ಎತ್ತರ. ಅದರ ಕಟ್ಟೆ ಅಗಲ, ಇಬ್ಬರು ಕೂತು ಪುಸ್ತಕ ಓದುವಷ್ಟು. ಒಂದು ಕಡೆಯ ಕಿಟಕಿಗೆ ಎದುರಾಗಿ ಇನ್ನೊಂದು ಕಡೆಯ ಕಿಟಕಿ, ಗಾಳಿ ಒಳಗೆ ಬಂದು ಹಾಜರಿ ಹಾಕಿ ಹೊರಗೆ ಹೋಗಲಿ ಎಂದು. ಅಂಗಳದ ಹಲಸಿನ ಮರವನ್ನು ಕಡಿಯದೆ, ಜಗಲಿಯನ್ನೇ ಅದರ ಸುತ್ತ ಬಳಸಿ ತಂದಿದ್ದರು.

ಅವಳಿಗೆ ಇದು ರಟ್ಟಿನ ಆಟವಾಗಿರಲಿಲ್ಲ. ಈಗಿನ ಕಟ್ಟಡದಲ್ಲಿ ಮಳೆಗಾಲದ ಮಧ್ಯಾಹ್ನ ಕರೆಂಟು ಹೋದರೆ, ಮತ್ತು ಕರೆಂಟು ಹೋಗಿಯೇ ಹೋಗುತ್ತದೆ, ಬಾಗಿಲ ಬಳಿಯ ಬೆಂಚಿಗೆ ಮಾತ್ರ ಬೆಳಕು. ಆ ಬೆಂಚಿನಲ್ಲಿ ಕೂರಲು ಮಕ್ಕಳಿಗೆ ಸರದಿ. ಸರದಿ ಇಲ್ಲದ ದಿನ ಮೂರನೆಯ ತರಗತಿಯ ಶರಣ್ಯಾ ಪುಟದ ಮೇಲ್ಗಡೆ ‘ಕತ್ತಲೆಯಲ್ಲಿ ಬರೆದದ್ದು, ತಪ್ಪಿದ್ದರೆ ನನ್ನದಲ್ಲ’ ಎಂದು ಬರೆದು ತೋರಿಸುತ್ತಿದ್ದಳು. ಶುಭಶ್ರೀ ಆ ಪುಟಕ್ಕೆ ಸಹಿ ಹಾಕುವಾಗ ನಾನು ಅವಳ ಮುಖ ನೋಡಿದ್ದೇನೆ.

“ಶಶಿ,” ಎಂದಿದ್ದಳು ಸಭೆಯ ಹಿಂದಿನ ದಿನ, “ಸೋಮವಾರ ಶಿಲಾನ್ಯಾಸ. ನಾಳೆಯ ಸಭೆಯಲ್ಲಿ ಆ ಮದುವೆ ಹಾಲು ಪಾಸಾದರೆ ಮುಗಿಯಿತು. ಕಾಂಕ್ರೀಟ್ ಬಿದ್ದ ಮೇಲೆ ಯಾರೂ ಒಡೆಯುವುದಿಲ್ಲ. ಶರಣ್ಯಾಳ ಮಕ್ಕಳೂ ಬಾಗಿಲ ಬೆಂಚಿಗೆ ಸರದಿ ಕಾಯಬೇಕು. ನೀನು ಊರಿನವರ ಸ್ವರವೆಲ್ಲ ಮಾಡ್ತಿ. ಒಮ್ಮೆ ನಿನ್ನ ಸ್ವರದಲ್ಲಿ ಸಭೆಯಲ್ಲಿ ಮಾತಾಡು ಮಾರಾಯ.”

“ನನ್ನ ಸ್ವರಕ್ಕೆ ಎಂತ ಬೆಲೆ ಉಂಟು? ದೇವಣ್ಣ ಕೇಳುವುದು ದಾನಿಗಳ ಮಾತು ಮಾತ್ರ. ಕೋಣೆ ಕೊಟ್ಟವನಾದರೆ ಕೇಳ್ತಾರೆ,” ಎಂದೆ. ಹೇಳಿದ ಮೇಲೆ ನನಗೇ ಹೊಳೆಯಿತು. ದಾನಿಯ ದೀರ್ಘ ತೆಗೆದರೆ ಉಳಿಯುವುದು ದನಿ. ದಾನ ನನ್ನಿಂದಾಗದು. ದನಿ ಆಗುತ್ತದೆ.

ಕೋಣೆ ಕೊಟ್ಟವನು ಅಬ್ದುಲ್ ಸಲಾಂ. ನಮ್ಮಿಬ್ಬರ ಸಹಪಾಠಿ, ಈಗ ದುಬೈಯಲ್ಲಿದ್ದಾನೆ. ಒಂದು ಇಡೀ ಕೋಣೆಯ ಖರ್ಚು ತನ್ನದು ಎಂದು ಒಪ್ಪಿದ್ದ. ಅವನ ಊರಿನ ನಂಬರಿನ ಸಿಮ್ ನನ್ನ ಹಳೆಯ ಫೋನಿನಲ್ಲಿ ಇರುತ್ತದೆ. ಬ್ಯಾಂಕಿನಿಂದ ಓಟಿಪಿ ಬಂದರೆ ಹೇಳುವ ಕೆಲಸ ನನ್ನದು. ಹಿಂದಿನ ವಾರವಷ್ಟೇ ಕೇಳಿದ್ದೆ, ಫಲಕದಲ್ಲಿ ಎಂತ ಬರೆಯಲಿ ಎಂದು. “ಹೆಸರು ಪೂರಾ ನಿನಗೆ ಬಿಟ್ಟದ್ದು. ಎಂತ ಬೇಕಾದರೂ ಮಾಡು, ಮಕ್ಕಳಿಗೆ ಒಳ್ಳೆದಾದರೆ ಸಾಕು,” ಎಂದಿದ್ದ. ಅವನು ಹೇಳಿದ್ದು ಫಲಕದ ಬಗ್ಗೆ. ನಾನು ಅದನ್ನು ಅವನ ಪರವಾಗಿ ಮಾತಾಡುವ ಮುಖ್ತಾರನಾಮೆ ಎಂದು ತಿಳಿದುಕೊಂಡೆ.

ಸಭೆ ಶನಿವಾರ ಮಧ್ಯಾಹ್ನ, ಮಕ್ಕಳು ಹೋದ ಮೇಲೆ, ಐದನೆಯ ತರಗತಿಯ ಕೋಣೆಯಲ್ಲಿ. ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಶಾಲೆಯಲ್ಲಿ ಕೋಣೆ ಕೋಣೆಗಳ ನಡುವಿನ ಗೋಡೆ ಮಾಡಿನವರೆಗೆ ಹೋಗುವುದಿಲ್ಲ. ಆಳೆತ್ತರಕ್ಕೆ ಬಂದು ನಿಂತುಬಿಡುತ್ತದೆ. ಮೇಲಿನ ಹಂಚಿನ ಮಾಡು ಈ ತುದಿಯಿಂದ ಆ ತುದಿಗೆ ಒಂದೇ. ಹಾಗಾಗಿ ನಾವೆಲ್ಲ ಎರಡನೆಯ ತರಗತಿಯಲ್ಲಿ ಕೂತು ಮೂರನೆಯದರ ಮಗ್ಗಿ, ನಾಲ್ಕನೆಯದರ ಪದ್ಯ ಕಲಿತವರು. ಸಲಾಂ ಪಕ್ಕದ ತರಗತಿಯ ಪ್ರಶ್ನೆಗೆ ಇಲ್ಲಿಂದ ಉತ್ತರ ಕೂಗಿ ಪೆಟ್ಟು ತಿಂದವನು. ನನ್ನ ಮಿಮಿಕ್ರಿಯ ಗುರುವೂ ಅದೇ ಅರ್ಧ ಗೋಡೆ: ಮುಖ ಕಾಣದ ಮಾಸ್ತರರ ಸ್ವರಗಳನ್ನು ಮಾತ್ರ ಕೇಳಿ ಕೇಳಿ ನಾಲಗೆ ಪಳಗಿತು.

ಅಂದು ಮಳೆ ಹಂಚಿನ ಮೇಲೆ ಎಷ್ಟು ಜೋರಾಗಿ ಬೀಳುತ್ತಿತ್ತೆಂದರೆ ಎದುರು ಕೂತವರ ಬಾಯಿ ನೋಡಿ ಮಾತು ಊಹಿಸಬೇಕಿತ್ತು. ದೇವಣ್ಣ, ಚನಿಯಪ್ಪಣ್ಣ, ಹಾರ್ಡ್‌ವೇರ್ ಅಂಗಡಿಯ ಶಾಫಿ, ಶುಭಶ್ರೀ, ನಾನು. ಮೇಜಿನ ಮೇಲೆ ದೇವಣ್ಣನ ನಕ್ಷೆ. ನಕ್ಷೆ ಹಾರದ ಹಾಗೆ ಅದರ ಮೇಲೆ ಶುಭಶ್ರೀಯ ರಟ್ಟಿನ ಶಾಲೆ. ಅದಕ್ಕೆ ಸಿಕ್ಕ ಉಪಯೋಗ ಅಷ್ಟೇ.

ಮಾತು ನಡೆದದ್ದು ಅರ್ಧ ತುಳು, ಅರ್ಧ ಕನ್ನಡ. ನಾನು ಪೂರ್ತಿ ಕನ್ನಡಕ್ಕೆ ತಂದು ಹೇಳುತ್ತಿದ್ದೇನೆ.

“ಹಾಗಾದರೆ ಪಾಸ್ ಮಾಡುವನಾ?” ಎಂದು ದೇವಣ್ಣ ಕೂಗಿದರು.

ನಾನು ಹೊಟ್ಟೆ ಹಿಡಿದುಕೊಂಡು ಎದ್ದೆ. “ಒಂದು ನಿಮಿಷ ದೇವಣ್ಣ. ಬೆಳಿಗ್ಗೆ ತಿಂದ ಬನ್ಸ್ ಸರಿ ಇರಲಿಲ್ಲ.”

ಶೌಚಾಲಯ ಅಂಗಳದಾಚೆ. ಆ ಮಳೆಯಲ್ಲಿ ಅಲ್ಲಿಗೆ ಯಾರು ಹೋಗುತ್ತಾರೆ? ಜಗಲಿಯಲ್ಲೇ ನಡೆದು ಪಕ್ಕದ ಕೋಣೆ ದಾಟಿ, ಮೂರನೆಯ ತರಗತಿಗೆ ನುಗ್ಗಿ, ಹಿಂದಿನ ಬೆಂಚಿನಲ್ಲಿ ಕುಳಿತೆ. ಸಭೆಯ ಕೋಣೆ ಬಿಟ್ಟರೆ ಇಡೀ ಶಾಲೆಯಲ್ಲಿ ಮೊಬೈಲಿಗೆ ರೇಂಜ್ ಸಿಗುವುದು ಅಲ್ಲೊಂದೇ. ಸಲಾಮನ ಸಿಮ್ ಇದ್ದ ಫೋನ್ ತೆಗೆದೆ. ಮಳೆಯಿರುವಾಗ ಯಾರ ಭಯ?

“ಹಲೋ ದೇವಣ್ಣಾ... ಸಲಾಂ ಮಾತಾಡುವುದು. ಕೇಳಿ ಇಲ್ಲಿ, ಕೇಳಿ ಇಲ್ಲಿ.” ಸಲಾಂ ಯಾವುದನ್ನು ಹೇಳುವಾಗಲೂ ‘ಕೇಳಿ ಇಲ್ಲಿ’ ಎಂದು ಎರಡು ಸಲ ಹೇಳಿ, ಉಸಿರು ಒಳಗೆಳೆದುಕೊಂಡು ನಗುತ್ತಾನೆ. ಅದನ್ನೂ ಹಾಕಿದೆ.

“ಓಹೋ ಸಲಾಂ! ಊರಿನ ನಂಬರಿನಿಂದ ಮಾಡ್ತಿದ್ದೀಯಾ? ಊರಿಗೆ ಬಂದಿದ್ದೀಯಾ?”

ಇದನ್ನು ನಾನು ಯೋಚಿಸಿರಲಿಲ್ಲ. “ಅದು... ರೋಮಿಂಗ್ ದೇವಣ್ಣ, ರೋಮಿಂಗ್. ಕೇಳಿ ಇಲ್ಲಿ. ನನಗೆ ಗೋಡೆಯಲ್ಲಿ ಫಲಕ ಬೇಡ.”

“ಎಂತ! ಬೇಡವಾ? ನಿನ್ನದು ಎಲ್ಲಕ್ಕಿಂತ ದೊಡ್ಡದು ಇಟ್ಟಿದ್ದೇನೆ ಮಾರಾಯ! ಇರು, ಎಲ್ಲರಿಗೂ ಕೇಳಲಿ, ಸ್ಪೀಕರಿಗೆ ಹಾಕ್ತೇನೆ.”

“ಹಾಕಿ. ಗೋಡೆಯ ಫಲಕವೆಲ್ಲ ಹಳೆಯದಾಯ್ತು ದೇವಣ್ಣ. ಇಲ್ಲಿ ದುಬೈಯಲ್ಲಿ ಈಗ ದೊಡ್ಡ ದೊಡ್ಡವರೆಲ್ಲ ಕೊಡುವುದು ಎಂತ ಗೊತ್ತುಂಟಾ? ಕಿಟಕಿ! ಫಲಕವನ್ನು ಯಾರು ಓದ್ತಾರೆ? ಉದ್ಘಾಟನೆಯ ದಿನ ಫೋಟೋದವ ಒಬ್ಬ. ಕಿಟಕಿಯ ಹತ್ತಿರ ಮಕ್ಕಳು ದಿನವಿಡೀ ಕೂತ್ಕೊಳ್ತಾರೆ. ನನಗೆ ಕಿಟಕಿ ಬೇಕು. ಕಿಟಕಿಯ ಕಟ್ಟೆಯಲ್ಲಿ ಚಿಕ್ಕದಾಗಿ ಹೆಸರು ಸಾಕು. ಕಿಟಕಿ ಇಲ್ಲದಿದ್ದರೆ ಹೆಸರೇ ಬೇಡ.” ಲಿಫ್ಟಿನ ಗಂಟೆಯ ಹಾಗೆ ‘ಟಿಂಗ್’ ಎಂದು ಮಾಡಿ, “ಬಾಸ್ ಕರೀತಾರೆ, ಇಡ್ತೇನೆ” ಎಂದು ಕಟ್ ಮಾಡಿದೆ.

ತಿರುಗಿ ಬಂದು ನೋಡುತ್ತೇನೆ, ಸಭೆಗೆ ಸಭೆಯೇ ನಿಂತುಕೊಂಡಿದೆ.

“ಸಲಾಮನಿಗೆ ಒಂದು ಕಿಟಕಿಯಾದರೆ ನನಗೂ ಒಂದು ಬೇಕು,” ಎನ್ನುತ್ತಿದ್ದರು ಚನಿಯಪ್ಪಣ್ಣ. “ನಲ್ವತ್ತು ವರ್ಷ ಬಸ್ಸಿನಲ್ಲಿ ನೋಡಿದ್ದೇನೆ. ಮನುಷ್ಯನಿಗೆ ಕಿಟಕಿ ಸೀಟಿನಷ್ಟು ಆಸೆ ಇನ್ನೊಂದರ ಮೇಲೆ ಇಲ್ಲ. ನನ್ನ ತಾಯಿಯ ಹೆಸರಿಗೆ ಒಂದು ಬರೆಯಿರಿ. ತಂದೆ ಫ್ಯಾನಿನಲ್ಲಿದ್ದಾರೆ, ತಾಯಿ ಕಿಟಕಿಯಲ್ಲಿರಲಿ.”

“ನನ್ನದು ಗೇಟಿಗೆ ಕಾಣುವ ಕಡೆಗೆ,” ಎಂದ ಶಾಫಿ. “ಗ್ರಿಲ್ಲೂ ನಮ್ಮ ಅಂಗಡಿಯದ್ದೇ ಹಾಕುವ. ಬೇರೆಯವರ ಗ್ರಿಲ್ಲು ಹಾಕಿ ನನ್ನ ಹೆಸರು ಬರೆದರೆ ನಾಚಿಕೆ.”

ದೇವಣ್ಣನಿಗೆ ಸಂಕಟ. ಫಲಕದ ಪ್ರಪಂಚ ಕಣ್ಣೆದುರೇ ಕುಸಿಯುತ್ತಿದೆ. ಕಿಟಕಿಯ ಪ್ರಪಂಚದಲ್ಲಿ ತಾನು ಹಿಂದೆ ಬಿದ್ದರೆ? ಗಂಟಲು ಸರಿಮಾಡಿಕೊಂಡು ಘೋಷಿಸಿದರು: “ನಡುವಿನ ದೊಡ್ಡ ಕಿಟಕಿ ಅಧ್ಯಕ್ಷರದ್ದು. ನನ್ನ ಹೆಂಡತಿ ತ್ರಿಪುರಸುಂದರಿಯ ಹೆಸರಿಗೆ.” ಆಗಲೇ ಮೊಬೈಲ್ ಬಾಯಿಗೆ ಹಿಡಿದು ಅವರಿಗೆ ವಾಯ್ಸ್ ಮೆಸೇಜೂ ಕಳಿಸಿಬಿಟ್ಟರು: “ಸುಂದರೀ, ಶಾಲೆಯ ಅತಿ ದೊಡ್ಡ ಕಿಟಕಿ ನಿನ್ನ ಹೆಸರಿನಲ್ಲಿ. ನಿನ್ನ ಅಕ್ಕನವರಿಗೆಲ್ಲ ಹೇಳು.”

ಶುಭಶ್ರೀ ನನ್ನ ಕಡೆ ನೋಡಿದಳು. ಅವಳ ಕಣ್ಣಲ್ಲಿ ಪ್ರಶ್ನೆ ಇತ್ತು. ನಾನು ಹೊಟ್ಟೆ ಹಿಡಿದುಕೊಂಡೆ.

ಅಲ್ಲಿಗೇ ನಿಂತಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆದರೆ ದೇವಣ್ಣ ಪೆನ್ನು ತೆಗೆದುಕೊಂಡು ನಕ್ಷೆಯ ಚೌಕಗಳನ್ನೆಲ್ಲ ಮೇಲಕ್ಕೆ, ಮಾಡಿನ ಹತ್ತಿರಕ್ಕೆ ಬರೆಯತೊಡಗಿದರು. “ಕಿಟಕಿಗಳು ಇಲ್ಲಿ ಮೇಲೆ ಇರಲಿ. ಕೆಳಗೆ ಫಲಕಕ್ಕೂ ಜಾಗ ಉಳಿಯಿತು, ಮಕ್ಕಳು ಹೊರಗೆ ನೋಡುವ ತಾಪತ್ರಯವೂ ತಪ್ಪಿತು. ಹೇಗೆ ನನ್ನ ಐಡಿಯಾ?”

“ಅಣ್ಣಾ, ಮೇಲೆ ಇಟ್ಟರೆ ಅದು ಕಿಟಕಿಯಲ್ಲ, ಗೂಡು,” ಎಂದಳು ಶುಭಶ್ರೀ. ಸ್ವರ ಸಣ್ಣದಾಗಿತ್ತು. “ಬೆಳಕು ಪೂರಾ ಎದುರಿನ ಗೋಡೆಗೆ ಬೀಳ್ತದೆ, ಪುಸ್ತಕಕ್ಕೆ ಬೀಳುವುದಿಲ್ಲ. ಗಾಳಿ ತಲೆಯ ಮೇಲಿಂದಲೇ ಹೋಗ್ತದೆ.”

“ಕಿಟಕಿ ಕೇಳಿದ್ದಿರಿ, ಕೊಟ್ಟೆ. ಈಗ ಎತ್ತರದಲ್ಲಿಯೂ ಕಿರಿಕಿರಿಯಾ ಟೀಚರೇ? ಪಾಸ್ ಮಾಡುವ.”

ನಾನು ಎದ್ದೆ. “ದೇವಣ್ಣ, ಇನ್ನೊಮ್ಮೆ...”

“ಎಷ್ಟು ಬನ್ಸ್ ತಿಂದಿದ್ದೀಯ ಮಾರಾಯ ನೀನು?” ಎಂದ ಶಾಫಿ.

ಓಡಿದೆ. ಅದೇ ಬೆಂಚು, ಅದೇ ಫೋನ್, ಅದೇ ಮಳೆ.

“ದೇವಣ್ಣಾ, ಸಲಾಂ. ಕೇಳಿ ಇಲ್ಲಿ, ಕೇಳಿ ಇಲ್ಲಿ. ಒಂದು ಮರೆತುಹೋಯ್ತು. ನನ್ನ ಕಿಟಕಿ ಕೆಳಗೇ ಇರಬೇಕು, ಒಂದನೆಯ ತರಗತಿಯ ಮಕ್ಕಳಿಗೆ ಓದ್ಲಿಕ್ಕೆ ಸಿಗುವ ಹಾಗೆ. ಅವರು ಅಕ್ಷರ ಕಲಿಯುವುದೇ ನಮ್ಮ ಹೆಸರಿನಿಂದ ಆಗಬೇಕು. ಮೇಲೆ ಇಟ್ಟರೆ ನನ್ನ ಹೆಸರನ್ನು ಓದುವುದು ಹಲ್ಲಿ ಮಾತ್ರ.”

ನಾನು ಒಳ್ಳೆಯ ಲಹರಿಯಲ್ಲಿದ್ದೆ. ಉಸಿರೆಳೆಯುವ ನಗೆಯೂ ಎಂದಿಗಿಂತ ಚೆನ್ನಾಗಿ ಬಂದಿತ್ತು. ಹಾಗಾಗಿ ಮಳೆ ನಿಂತದ್ದು ನನಗೆ ತಿಳಿಯಲಿಲ್ಲ. ನಮ್ಮೂರಿನ ಮಳೆ ಕಡಿಮೆಯಾಗುತ್ತಾ ಬಂದು ನಿಲ್ಲುವಂಥದ್ದಲ್ಲ. ಯಾರೋ ನಲ್ಲಿ ತಿರುಗಿಸಿದ ಹಾಗೆ ಒಮ್ಮೆಲೇ ನಿಲ್ಲುತ್ತದೆ.

“ಹೌದಾ ಸಲಾಂ?” ಎಂದರು ದೇವಣ್ಣ, ಫೋನಿನಲ್ಲಿ. ತುಸು ನಿಧಾನವಾಗಿ. “ಅಲ್ಲಿ ಹವೆ ಹೇಗುಂಟು?”

“ಭಾರೀ ಸೆಕೆ ದೇವಣ್ಣ. ಹೊರಗೆ ಕಾಲಿಡ್ಲಿಕ್ಕೆ ಸಾಧ್ಯ ಇಲ್ಲ.”

“ಮಳೆ?”

“ಮಳೆಯಾ? ಮಳೆ ನೋಡದೆ ಎಷ್ಟು ಕಾಲ ಆಯ್ತು!”

“ಹಾಗಾ. ನಿನ್ನ ಸ್ವರ ಇವತ್ತು ಭಾರೀ ಹತ್ತಿರದಿಂದ ಕೇಳ್ತದೆ ಸಲಾಂ. ಒಂದು ಫೋನಿನಿಂದ. ಇನ್ನೊಂದು ಗೋಡೆಯ ಮೇಲಿಂದ. ಮತ್ತೆ, ನಿನ್ನ ಹೊಟ್ಟೆನೋವು ಈಗ ಹೇಗುಂಟು?”

“ಸ್ವಲ್ಪ ಕಮ್ಮಿ ಉಂಟು ದೇವ...” ಎಂದುಬಿಟ್ಟೆ. ನನ್ನದೇ ಸ್ವರದಲ್ಲಿ.

ಅರ್ಧ ಗೋಡೆ ಕಲಿಸಿದ ವಿದ್ಯೆಯನ್ನು ಅರ್ಧ ಗೋಡೆಯೇ ವಸೂಲು ಮಾಡಿತು. ತಲೆ ತಗ್ಗಿಸಿಕೊಂಡು ತಿರುಗಿ ಬಂದೆ. ಶಾಫಿ ಮುಖಕ್ಕೆ ಕರವಸ್ತ್ರ ಒತ್ತಿಕೊಂಡು ನಡುಗುತ್ತಿದ್ದ. ಚನಿಯಪ್ಪಣ್ಣ, “ಟಿಕೆಟ್ ಇಲ್ಲದೆ ದುಬೈಗೆ ಹೋಗಿ ಬಂದ ಮೊದಲ ಪ್ರಯಾಣಿಕ,” ಎಂದರು. ಶುಭಶ್ರೀ ಮಾತ್ರ ನಗಲಿಲ್ಲ. ರಟ್ಟಿನ ಶಾಲೆಯನ್ನು ಎತ್ತಿಕೊಂಡು ಚೀಲಕ್ಕೆ ಹಾಕುತ್ತಿದ್ದಳು. ನನ್ನ ಚೇಷ್ಟೆಯಿಂದ ಅವಳ ಕಿಟಕಿಗಳೂ ಹೋದವು ಎಂದು ನನಗೆ ಆಗ ಹೊಳೆಯಿತು. ಚಿಂತೆಯಿಂದ ಮಂಡೆ ಬೆಚ್ಚ ಆಯಿತು.

ದೇವಣ್ಣ ಕೆಂಪಗಾಗಿದ್ದರು. “ದಾನಿಯ ಹೆಸರಿನಲ್ಲಿ ಸಮಿತಿಗೇ ಟೋಪಿ! ಹಾಲಿನ ನಕ್ಷೆಯೇ ಪಾಸ್. ಕಿಟಕಿಯೂ ಇಲ್ಲ, ಎಂತದ್ದೂ ಇಲ್ಲ,” ಎಂದು ಪೆನ್ನು ಎತ್ತಿದರು.

ಅಷ್ಟರಲ್ಲಿ ಅವರ ಫೋನು ಹೊಡೆದುಕೊಂಡಿತು. ಪರದೆಯ ಮೇಲೆ ‘ಸುಂದರಿ’.

ದೇವಣ್ಣನ ಪೆನ್ನು ಗಾಳಿಯಲ್ಲೇ ನಿಂತಿತು. ಮದುವೆ ಹಾಲಿನಲ್ಲಿ ಸಾವಿರ ಜನರ ಎದುರು ಹೆದರದ ಮನುಷ್ಯ ಆ ಫೋನನ್ನು ಹಾವು ನೋಡುವ ಹಾಗೆ ನೋಡಿದರು. ಕಿಟಕಿ ಕೊಟ್ಟೆನೆಂದು ಹೇಳಿ ಸ್ವಲ್ಪ ಹೊತ್ತೂ ಆಗಿಲ್ಲ. ಈಗ ಇಲ್ಲ ಎನ್ನಬೇಕು. ಆಮೇಲೆ ಅವರ ಕಣ್ಣು ನನ್ನ ಮೇಲೆ ಬಿತ್ತು. ತುಟಿ ಓರೆಯಾಯಿತು.

“ಬಾ ಇಲ್ಲಿ. ನನ್ನ ಸ್ವರ ಬರ್ತದಾ ನಿನಗೆ?”

“ಬರ್ತದೆ,” ಎಂದೆ ಸಣ್ಣಗೆ. ಮೆಲ್ಕಾರಿನ ಅರ್ಧ ಕಾರ್ಯಕ್ರಮಗಳಲ್ಲಿ ಅದೇ ನನ್ನ ಮುಖ್ಯ ಐಟಂ ಎಂದು ಹೇಳಲಿಲ್ಲ.

“ಹಾಗಾದರೆ ನೀನೇ ಹೇಳು ಅವಳಿಗೆ, ನನ್ನ ಸ್ವರದಲ್ಲಿ, ಕಿಟಕಿ ಮೇಲೆ ಹೋಯ್ತು, ಬಹುಶಃ ಇಲ್ಲವೇ ಇಲ್ಲ ಅಂತ. ಬೈಗಳು ಪೂರಾ ನೀನೇ ತಿನ್ನು. ಅದೇ ನಿನಗೆ ಶಿಕ್ಷೆ.” ಸ್ಪೀಕರ್ ಒತ್ತಿ ಫೋನನ್ನು ನನ್ನ ಬಾಯಿಗೆ ಹಿಡಿದರು.

“ಸುಂದರೀ,” ಎಂದೆ. ದೇವಣ್ಣನ ಮೂಗಿನ ಮೂಲಕ ಬರುವ ಆ ಗಡಸು, ಪದದ ಕೊನೆಯಲ್ಲಿ ಒಂದು ತಟ್ಟು. “ಆ ಕಿಟಕಿ ಉಂಟಲ್ಲ, ಅದನ್ನು ಸ್ವಲ್ಪ ಮೇಲೆ ಇಡುವ ಅಂತ ಮಾಡಿದೆ. ಮಾಡಿನ ಹತ್ತಿರ.”

“ಮಾಡಿನ ಹತ್ತಿರವಾ?” ಸುಂದರಕ್ಕನ ಸ್ವರಕ್ಕೆ ಸ್ಪೀಕರಿನ ಅಗತ್ಯವಿರಲಿಲ್ಲ. “ನಾನು ಎಲ್ಲ ಅಕ್ಕನವರಿಗೂ ಫೋನ್ ಮಾಡಿ ಆಯ್ತು. ಸೋಮವಾರ ಬಂದು ನನ್ನ ಕಿಟಕಿ ಎಲ್ಲಿ ಬರ್ತದೆ ಅಂತ ನೋಡ್ತಾರೆ. ಏಣಿ ಇಡ್ತೀರಾ?”

“ಅಲ್ಲ, ಮಕ್ಕಳು ಹೊರಗೆ ನೋಡ್ತಾರೆ...”

“ನೋಡಲಿ! ನಿಮ್ಮ ಹಾಲಿನಲ್ಲಿ ಮದುಮಗಳ ಕೋಣೆಗೂ ಹೀಗೇ ತಲೆಯ ಮೇಲೆ ಕಿಟಕಿ ಇಟ್ಟಿರಿ. ನನ್ನ ತಂಗಿಯ ಮಗಳು ಬೆವರಿ ಬೆವರಿ ಮುಖದ ಬಣ್ಣವೆಲ್ಲ ಕೆಳಗೆ ಬಂದು, ಮಂಟಪದಲ್ಲಿ ಮದುಮಗನೇ ‘ಇವರು ಯಾರು’ ಅಂತ ಕೇಳಿದ. ಮರೆತುಹೋಯ್ತಾ? ಕಿಟಕಿ ಕೊಡುವುದಾದರೆ ನಾನು ಕೂತು ಕೈ ಹೊರಗೆ ಹಾಕುವಷ್ಟು ಕೆಳಗೆ ಇರಬೇಕು. ಅಂಥದ್ದು ಒಂದಲ್ಲ, ಎಲ್ಲವೂ. ಇಲ್ಲದಿದ್ದರೆ ನನ್ನ ಹೆಸರನ್ನೂ ನಿಮ್ಮ ಹೆಸರಿನ ಜೊತೆಯಿಂದ ತೆಗೆಯಿರಿ.”

ಶುಭಶ್ರೀಯ ಕೈ ಚೀಲದೊಳಗೆ ನಿಂತಿತು. ರಟ್ಟಿನ ಶಾಲೆ ಮೆಲ್ಲನೆ ಹೊರಗೆ ಬಂತು.

“ಆಯ್ತು ಸುಂದರೀ, ನಿನ್ನ ಮಾತು ಸರಿ. ಎಲ್ಲ ಕಿಟಕಿ ಕೆಳಗೇ,” ಎಂದೆ. ಹೀಗೆ ಹೇಳಲು ಅಧ್ಯಕ್ಷರು ಹೇಳಿರಲಿಲ್ಲ. ಅಧ್ಯಕ್ಷರ ಸ್ವರ ಹೇಳಿತು.

ಸುಂದರಕ್ಕ ಅನುಮಾನದಿಂದ ಕೇಳಿದರು: “ಇವರೇ... ಜ್ವರ ಉಂಟಾ ನಿಮಗೆ? ಮದುವೆಯಾದಂದಿನಿಂದ ‘ನಿನ್ನ ಮಾತು ಸರಿ’ ಅಂತ ಒಂದು ಸಲವಾದರೂ ಹೇಳಿದವರಲ್ಲ ನೀವು. ಸ್ವರವೂ ಎಷ್ಟು ಚಂದ ಉಂಟು ಇವತ್ತು! ದಿನಾ ಹೀಗೇ ಮಾತಾಡಿದರೆ ಎಂತ?”

ಮೊದಲು ಶಾಫಿಯ ಕರವಸ್ತ್ರ ಸೋತಿತು. ಚನಿಯಪ್ಪಣ್ಣ ಮೇಜಿಗೆ ಹೊಡೆದರು. ಶುಭಶ್ರೀ ಕಣ್ಣೊರೆಸಿಕೊಳ್ಳುತ್ತಾ ರಟ್ಟಿನ ಶಾಲೆಯನ್ನು ದೇವಣ್ಣನ ನಕ್ಷೆಯ ಮೇಲೆ ಇಟ್ಟಳು; ಈ ಸಲ ನಕ್ಷೆ ಹಾರದಿರಲಿ ಎಂದಲ್ಲ. ಎಲ್ಲರೂ ದೇವಣ್ಣನ ಕಡೆ ನೋಡಿದೆವು. ಅವರ ಹೊಟ್ಟೆ ಒಮ್ಮೆ ಅಲುಗಿತು. ಇನ್ನೊಮ್ಮೆ ಅಲುಗಿತು. ಪೆನ್ನು ಕೈಯಿಂದ ಜಾರಿತು.

“ಎಲ್ಲ ಕೆಳಗೇ ಇರಲಿ ಟೀಚರೇ,” ಎಂದರು, ಕಷ್ಟಪಟ್ಟು. “ಆದರೆ ಕೋಣೆಗಳ ನಡುವಿನ ಗೋಡೆ ಮಾತ್ರ ಮಾಡಿನವರೆಗೆ ಹೋಗಬೇಕು. ಇವನಂಥ ಇನ್ನೊಬ್ಬ ಈ ಶಾಲೆಯಿಂದ ತಯಾರಾಗಬಾರದು...” ವಾಕ್ಯ ಮುಗಿಯಲಿಲ್ಲ. ಕಟ್ಟೆ ಒಡೆದ ಹಾಗೆ ನಗು ನುಗ್ಗಿತು. ಬೆಂಚಿಗೆ ಬಿದ್ದು, ಹೊಟ್ಟೆ ಹಿಡಿದುಕೊಂಡು, ಈ ಸಲ ನಿಜವಾದ ಹೊಟ್ಟೆನೋವಿನಿಂದ, “ಸ್ವರ ಚಂದ ಉಂಟಂತೆ... ಚಂದ ಉಂಟಂತೆ ಮಾರಾಯ!” ಎಂದು ದೇವಣ್ಣ ನಕ್ಕ ನಗು ಅರ್ಧ ಗೋಡೆಗಳನ್ನು ಒಂದೊಂದಾಗಿ ಹಾರಿ ಒಂದನೆಯ ತರಗತಿಯವರೆಗೂ ಹೋಯಿತು. ನಾವು ನಾಲ್ವರೂ ಸೇರಿ ನಕ್ಕದ್ದು ಅದರೊಳಗೆ ಕೇಳಿಸಲೇ ಇಲ್ಲ.